ಹೊರಡದ ಪ್ರಯಾಣಕ್ಕೆ ಕಟ್ಟಿದ ಬುತ್ತಿ

ಹೋದ ವಾರ ಇದೇ ಪುಟದಲ್ಲಿ ಬಾವಲಿಗಳ ಕತೆ ಬರೆದಿದ್ದೆ. ಕತ್ತಲಲ್ಲಿ ನಮ್ಮ ಕಿವಿಗೆ ಕೇಳಿಸದ ಸದ್ದು ಹೊರಡಿಸಿ, ಅದರ ಮಾರ್ದನಿಯಿಂದಲೇ ಅವು ದಾರಿ ಹುಡುಕುತ್ತವೆ ಎಂದು ಹೇಳಿದ್ದು ನೆನಪಿರಬಹುದು. ಈ ವಾರ ಕಪ್ಪೆಗಳ ಬಗ್ಗೆ ಬರೆಯುವುದಾಗಿ ಮಾತು ಕೊಟ್ಟಿದ್ದೆ. ಕಪ್ಪೆಗಳು ಇನ್ನೊಂದು ವಾರ ಕಾಯಲಿ. ಬಾವಲಿಯ ಆ ವಿದ್ಯೆಯನ್ನೇ ಬಳಸುವ ಯಂತ್ರವೊಂದು ಕಳೆದ ವರ್ಷ ನಮ್ಮ ಮನೆಯಲ್ಲಿ ಎಬ್ಬಿಸಿದ ಗದ್ದಲವನ್ನು ಮೊದಲು ಹೇಳಿಬಿಡುತ್ತೇನೆ.

ನನ್ನ ಮೊಮ್ಮಗನಿಗೆ ಈಗ ಹನ್ನೆರಡು ವರ್ಷ, ಏಳನೇ ಕ್ಲಾಸು. ಹೆಸರು ಬರೆಯಬಾರದು ಎಂಬ ಷರತ್ತಿನ ಮೇಲೆ ಈ ಲೇಖನಕ್ಕೆ ಒಪ್ಪಿಗೆ ಕೊಟ್ಟಿದ್ದಾನೆ. ಅವನಿಗೆ ನಾಲ್ಕು ದಿನ ಹೊಟ್ಟೆನೋವು ಬಿಡಲಿಲ್ಲ. ಡಾಕ್ಟರು ಅಲ್ಟ್ರಾಸೌಂಡ್ ಮಾಡಿಸಿ ಎಂದರು. ಹೊಟ್ಟೆಗೆ ತಣ್ಣನೆಯ ಜೆಲ್ ಸವರಿ, ಕೈಯಲ್ಲಿ ಹಿಡಿಯುವ ಸಣ್ಣ ಸಾಧನವೊಂದನ್ನು ಅದರ ಮೇಲೆ ಆಡಿಸಿದರು. ಅದು ಕೇಳಿಸದ ಸದ್ದನ್ನು ಒಳಗೆ ಕಳಿಸುತ್ತದೆ, ಮರಳಿ ಬಂದ ಮಾರ್ದನಿಯನ್ನು ಪರದೆಯ ಮೇಲೆ ಬೂದುಬಣ್ಣದ ಚಿತ್ರವಾಗಿ ಬರೆಯುತ್ತದೆ. ಹೊಟ್ಟೆನೋವಿಗೆ ಕಾರಣ ಮಲಬದ್ಧತೆ, ಎರಡು ದಿನದಲ್ಲಿ ಸರಿಹೋಯಿತು. ಆದರೆ ವರದಿಯ ಕೊನೆಯಲ್ಲಿ ಒಂದು ಸಾಲಿತ್ತು: ಫ್ಯಾಟಿ ಲಿವರ್, ಗ್ರೇಡ್ 1.

ಪರದೆಯ ಮೇಲೆ ಅದನ್ನು ಹೇಗೆ ಗುರುತಿಸುತ್ತಾರೆ ಎಂದು ನಾನು ಕೇಳಿದೆ. ನಲವತ್ತು ವರ್ಷ ಹೈಸ್ಕೂಲಿನಲ್ಲಿ ವಿಜ್ಞಾನ ಪಾಠ ಮಾಡಿದವನಿಗೆ ಕೇಳದೆ ಇರುವುದು ಕಷ್ಟ. ಲಿವರ್ ಮತ್ತು ಬಲಗಡೆಯ ಮೂತ್ರಪಿಂಡ ಅಕ್ಕಪಕ್ಕ ಇರುತ್ತವೆ. ಆರೋಗ್ಯವಂತರಲ್ಲಿ ಎರಡೂ ಹೆಚ್ಚುಕಡಿಮೆ ಒಂದೇ ಬೂದುಬಣ್ಣ. ಲಿವರ್‌ನಲ್ಲಿ ಕೊಬ್ಬಿನ ಹನಿಗಳು ತುಂಬಿದರೆ ಅವು ಸದ್ದನ್ನು ಚೆದುರಿಸಿ ಹಿಂದಕ್ಕೆ ಕಳಿಸುತ್ತವೆ, ಆಗ ಲಿವರ್ ಮೂತ್ರಪಿಂಡಕ್ಕಿಂತ ಬೆಳ್ಳಗೆ ಕಾಣುತ್ತದೆ. ಹುಡುಗನ ಲಿವರ್ ಸುಣ್ಣ ಬಳಿದ ಗೋಡೆಯಂತೇನೂ ಇರಲಿಲ್ಲ. ಆದರೂ ವ್ಯತ್ಯಾಸ ನನಗೂ ಕಂಡಿತು.

ಮನೆಗೆ ಬಂದಮೇಲೆ ಶುರುವಾಯಿತು. ಫೋನಿನಲ್ಲಿ ಯಾರೋ ಬಂಧುಗಳು, "ಅದು ಕುಡಿಯೋರಿಗೆ ಬರೋ ಬ್ಯಾನಿ ಅಲ್ಲೇನ್ರೀ?" ಎಂದುಬಿಟ್ಟರು. ಸ್ಪೀಕರ್ ಆನ್ ಆಗಿತ್ತು, ಹುಡುಗ ಕೇಳಿಸಿಕೊಂಡ. ರಾತ್ರಿ ನನ್ನ ಪಕ್ಕದಲ್ಲಿ ಮಲಗಿದವನು ಬಹಳ ಹೊತ್ತು ಹೊರಳಾಡಿ, ಕೊನೆಗೆ ಮೆಲ್ಲಗೆ ಹೇಳಿದ: "ಅಜ್ಜಾ, ನಾ ಖರೇನ ಏನೂ ಕುಡದಿಲ್ಲ. ನೀವು ಕೊಡಸತಿದ್ದ ಕಿತ್ತಳೆ ಬಣ್ಣದ್ದು ಅಷ್ಟ."

ಆ ಮಾತು ನನ್ನನ್ನು ಎಷ್ಟು ಚುಚ್ಚಿತು ಎಂದು ಮುಂದೆ ಹೇಳುತ್ತೇನೆ. ಮೊದಲು ಬಂಧುಗಳ ಪ್ರಶ್ನೆ. ಅದು ಅವರೊಬ್ಬರ ತಪ್ಪು ತಿಳಿವಳಿಕೆಯಲ್ಲ, ವೈದ್ಯರೂ ಬಹಳ ಕಾಲ ಹಾಗೇ ತಿಳಿದಿದ್ದರು. 1980ರಲ್ಲಿ ಅಮೆರಿಕದ ಮೇಯೊ ಕ್ಲಿನಿಕ್‌ನ ಯುರ್ಗೆನ್ ಲುಡ್ವಿಗ್ ಮತ್ತು ಸಂಗಡಿಗರು 20 ರೋಗಿಗಳ ಬಗ್ಗೆ ಬರೆದರು. ಸೂಕ್ಷ್ಮದರ್ಶಕದ ಕೆಳಗೆ ಅವರ ಲಿವರ್‌ನ ಚೂರುಗಳು ವರ್ಷಗಟ್ಟಲೆ ಕುಡಿದವರ ಲಿವರ್‌ನಂತೆಯೇ ಇದ್ದವು. ಆದರೆ ಅವರು ಕುಡುಕರಲ್ಲ, ಹೆಚ್ಚಿನವರು ಸ್ಥೂಲಕಾಯದವರು. ಆ ರೋಗಕ್ಕೆ ಹೆಸರೇ ಇರಲಿಲ್ಲ, 'ಮದ್ಯದಿಂದಲ್ಲದ' ಎಂದು ಸೇರಿಸಿ ಲುಡ್ವಿಗ್ ಒಂದು ಹೆಸರಿಟ್ಟರು. 2023ರಲ್ಲಿ ಹಲವು ದೇಶಗಳ ತಜ್ಞರು ಕೂಡಿ ಹೊಸ ಹೆಸರು ಕೊಟ್ಟರು. ಅದರಲ್ಲಿ ಮದ್ಯದ ಮಾತಿಲ್ಲ, ಹಂಗಿಸಿದಂತೆ ಕೇಳುವ 'ಫ್ಯಾಟಿ' ಎಂಬ ಪದವೂ ಇಲ್ಲ. ಆ ಹೆಸರು ಬಹಳ ಉದ್ದ, ನಮ್ಮೂರ ಡಾಕ್ಟರೂ ಇನ್ನೂ ಹಳೆಯದನ್ನೇ ಬರೆಯುತ್ತಾರೆ, ನಾನೂ ಅದನ್ನೇ ಬಳಸುತ್ತೇನೆ.

ಮಕ್ಕಳೇ, ನಿಮ್ಮ ಪಠ್ಯದಲ್ಲಿ ಯಕೃತ್ತು ಅಥವಾ ಪಿತ್ತಜನಕಾಂಗ ಎಂದಿರುತ್ತದಲ್ಲ, ಅದೇ ಲಿವರ್. ಬಲಗಡೆ ಪಕ್ಕೆಲುಬುಗಳ ಮರೆಯಲ್ಲಿ ಕೂತಿದೆ. ದೊಡ್ಡವರಲ್ಲಿ ಸುಮಾರು ಒಂದೂವರೆ ಕಿಲೋ ತೂಕ. ಅದು ಮಾಡುವ ಕೆಲಸಗಳು ನೂರಾರು. ನಾನು ಇಲ್ಲಿ ಒಂದನ್ನಷ್ಟೇ ಹೇಳುತ್ತೇನೆ: ಉಗ್ರಾಣ ನೋಡಿಕೊಳ್ಳುವ ಕೆಲಸ.

ನಾವು ಉಂಡ ರೊಟ್ಟಿ, ಅನ್ನ, ಚಪಾತಿಯ ಪಿಷ್ಟವೆಲ್ಲ ಕರುಳಿನಲ್ಲಿ ಗ್ಲೂಕೋಸ್ ಎಂಬ ಸಕ್ಕರೆಯಾಗಿ ರಕ್ತಕ್ಕೆ ಸೇರುತ್ತದೆ. ಕರುಳಿನಿಂದ ಹೊರಟ ರಕ್ತ ಮೊದಲು ಹೋಗುವುದೇ ಲಿವರ್‌ಗೆ. ಈ ಹೊತ್ತಿಗೆ ಬೇಡದ ಸಕ್ಕರೆಯನ್ನು ಲಿವರ್ ಸರಪಳಿಯಂತೆ ಜೋಡಿಸಿ ಗ್ಲೈಕೋಜನ್ ಎಂಬ ರೂಪದಲ್ಲಿ ಇಟ್ಟುಕೊಳ್ಳುತ್ತದೆ. ನೀವು ಮಲಗಿದಾಗಲೂ ಮಿದುಳಿಗೆ ಸಕ್ಕರೆ ಬೇಕು, ಆಗ ಲಿವರ್ ಆ ಸರಪಳಿ ಬಿಚ್ಚಿ ಸ್ವಲ್ಪಸ್ವಲ್ಪವೇ ಬಿಡುತ್ತದೆ. ಆದರೆ ಈ ಡಬ್ಬಿ ಬಹಳ ಚಿಕ್ಕದು, ದೊಡ್ಡವರ ಲಿವರ್‌ನಲ್ಲೂ ಸುಮಾರು 100 ಗ್ರಾಂ ಹಿಡಿಯುತ್ತದೆ. ಸ್ನಾಯುಗಳಲ್ಲಿ ಅದರ ಮೂರು ನಾಲ್ಕು ಪಟ್ಟು ಜಾಗವಿದೆ, ಆದರೆ ಆ ಸ್ನಾಯುಗಳು ದುಡಿದು ಖಾಲಿ ಮಾಡಿಕೊಂಡಿದ್ದರೆ ಮಾತ್ರ. ಡಬ್ಬಿ ತುಂಬಿದ ಮೇಲೂ ಸಕ್ಕರೆ ಬರುತ್ತಲೇ ಇದ್ದರೆ ಲಿವರ್ ಅದನ್ನು ಕೊಬ್ಬಾಗಿ ಮಾರ್ಪಡಿಸುತ್ತದೆ.

"ಎಣ್ಣಿ ತಿನ್ನದಿದ್ದರೂ ಕೊಬ್ಬು ಹೆಂಗ ಬರತೈತಿ?" ಎಂದು ಹುಡುಗ ಕೇಳಿದ. ನಾನು ಬಾತುಗಳ ಕತೆ ಹೇಳಿದೆ.

ಫ್ರಾನ್ಸಿನಲ್ಲಿ 'ಫ್ವಾ ಗ್ರಾ' ಎಂಬ ದುಬಾರಿ ತಿನಿಸೊಂದಿದೆ, ಅರ್ಥ 'ಕೊಬ್ಬಿದ ಲಿವರ್'. ಬಾತುಗಳ ಗಂಟಲಿಗೆ ಕೊಳವೆ ಇಳಿಸಿ ಎರಡು ಮೂರು ವಾರ ಬಲವಂತವಾಗಿ ತಿನ್ನಿಸುತ್ತಾರೆ. ಅವುಗಳ ಲಿವರ್ ಹಲವು ಪಟ್ಟು ಊದಿ ಬೆಣ್ಣೆಯಂತೆ ಬೆಳ್ಳಗಾಗುತ್ತದೆ. ತಿನ್ನಿಸುವುದೇನು ಗೊತ್ತೇ? ತುಪ್ಪವಲ್ಲ, ಎಣ್ಣೆಯಲ್ಲ, ಮೆಕ್ಕೆಜೋಳ. ನಮ್ಮ ಹಾವೇರಿ, ದಾವಣಗೆರೆ ಕಡೆ ಹೊಲಗಟ್ಟಲೆ ಬೆಳೆಯುತ್ತಾರಲ್ಲ, ಅದೇ. ಅದರಲ್ಲಿ ಎಣ್ಣೆಯ ಅಂಶ ಅಲ್ಪ, ಬಹುಪಾಲು ಪಿಷ್ಟ. ಈ ಕ್ರೌರ್ಯ ಹೊಸದಲ್ಲ. ಈಜಿಪ್ಟಿನ ಸಕ್ಕಾರಾದಲ್ಲಿ ನಾಲ್ಕು ಸಾವಿರ ವರ್ಷಕ್ಕೂ ಹಿಂದಿನ ಗೋರಿಗಳ ಗೋಡೆಯ ಮೇಲೆ ಹಕ್ಕಿಗಳಿಗೆ ಒತ್ತಾಯದಿಂದ ತಿನ್ನಿಸುವ ಚಿತ್ರಗಳಿವೆ. ರೋಮನ್ನರು ಅಂಜೂರ ತಿನ್ನಿಸುತ್ತಿದ್ದರು. ಅಂಜೂರಕ್ಕೆ ಲ್ಯಾಟಿನ್‌ನಲ್ಲಿ ಫೀಕುಸ್. ಹಾಗೆ ಕೊಬ್ಬಿಸಿದ ಲಿವರ್ ಫಿಕಾಟುಮ್. ಇಟಲಿಯವರ ಫೇಗಾಟೊ, ಸ್ಪೇನಿನವರ ಈಗಾದೊ, ಫ್ರೆಂಚರ ಫ್ವಾ, ಲಿವರ್‌ಗೆ ಇರುವ ಈ ಹೆಸರುಗಳೆಲ್ಲ ಅಂಜೂರದ ಹಣ್ಣಿನಿಂದ ಹುಟ್ಟಿದವು! ಸಿಹಿಗೂ ಕೊಬ್ಬಿದ ಲಿವರ್‌ಗೂ ಇರುವ ನಂಟನ್ನು ಅಡುಗೆಯವರು ಡಾಕ್ಟರರಿಗಿಂತ ಎಷ್ಟೋ ಮೊದಲೇ ಕಂಡುಕೊಂಡಿದ್ದರು. ನಮ್ಮ ದೇಶ 2014ರಲ್ಲಿ ಈ ತಿನಿಸಿನ ಆಮದನ್ನೇ ನಿಷೇಧಿಸಿತು. ನನಗದು ಸಮಾಧಾನ.

ಬಾತಿಗೆ ಇಷ್ಟು ಬೇಗ ಲಿವರ್ ಕೊಬ್ಬುವುದೇಕೆ? ಅದು ವಲಸೆ ಹಕ್ಕಿಗಳ ಕುಲ. ದೂರ ಹಾರುವ ಮೊದಲು ಸಿಕ್ಕಿದ್ದನ್ನೆಲ್ಲ ತಿಂದು ಕೊಬ್ಬು ಕೂಡಿಡುವುದು ಅದರ ಸ್ವಭಾವ. ಹಕ್ಕಿಗಳಲ್ಲಿ ಕೊಬ್ಬು ಹೆಚ್ಚಾಗಿ ತಯಾರಾಗುವುದೂ ಲಿವರ್‌ನಲ್ಲೇ. ಹಾರುತ್ತ ಹಾರುತ್ತ ಅದನ್ನೆಲ್ಲ ಉರಿಸಿ ಮುಗಿಸುತ್ತದೆ. ಅದು ಪ್ರಯಾಣಕ್ಕೆ ಕಟ್ಟಿಕೊಂಡ ಬುತ್ತಿ. ಗೂಡಿನಲ್ಲಿ ಕೂಡಿಹಾಕಿದ ಬಾತು ಬುತ್ತಿ ಕಟ್ಟುತ್ತಲೇ ಇರುತ್ತದೆ, ಹೊರಡುವುದಿಲ್ಲ.

ಇಷ್ಟು ಹೇಳಿದ ಮೇಲೆ ಹುಡುಗ ತನ್ನ ಹೊಟ್ಟೆ ಮುಟ್ಟಿ ನೋಡಿಕೊಂಡ. ಶಾಲೆಯಲ್ಲಿ ಅವನನ್ನು 'ಗುಂಡ' ಎನ್ನುತ್ತಾರಂತೆ. ಆಟಕ್ಕೆ ಆಳು ಆರಿಸುವಾಗ ಕೊನೆಗೆ ಕರೆಯುತ್ತಾರಂತೆ. ಅಂದು ರಾತ್ರಿ ಅವನಿಗಿದ್ದ ಭಯದಲ್ಲಿ ಇದೂ ಸೇರಿತ್ತು.

ಇಲ್ಲಿ ಡಾಕ್ಟರು ಒಂದು ಒಳ್ಳೆಯ ಕೆಲಸ ಮಾಡಿದರು. ಈ ತೊಂದರೆ ಮನೆತನದಲ್ಲಿ ಹರಿಯುವುದುಂಟು, ಅಜ್ಜನೂ ಪರೀಕ್ಷೆ ಮಾಡಿಸಿಕೊಳ್ಳಲಿ ಎಂದರು. ನಾನು ನಕ್ಕೆ. ನನ್ನ ಎತ್ತರ 168 ಸೆಂಟಿಮೀಟರ್, ತೂಕ 64 ಕಿಲೋ. ಜನ ನನ್ನನ್ನು 'ಕಡ್ಡಿ ಮಾಸ್ತರ' ಎಂದೇ ಕರೆಯುತ್ತಿದ್ದರು. ಪರೀಕ್ಷೆಯಾಯಿತು. ನನ್ನ ಲಿವರ್ ಮೊಮ್ಮಗನದ್ದಕ್ಕಿಂತ ಬೆಳ್ಳಗಿತ್ತು. ಗ್ರೇಡ್ 2!

ಹುಡುಗನಿಗೆ ಎಷ್ಟು ಖುಷಿಯಾಯಿತೆಂದರೆ, ಎರಡು ದಿನ ಎಲ್ಲರಿಗೂ ಅದನ್ನೇ ಹೇಳಿಕೊಂಡು ತಿರುಗಿದ.

ತೆಳ್ಳಗಿದ್ದವನಿಗೆ ಇದು ಹೇಗೆ? 2004ರಲ್ಲಿ ಲ್ಯಾನ್ಸೆಟ್ ಎಂಬ ವೈದ್ಯಕೀಯ ಪತ್ರಿಕೆಯಲ್ಲಿ ಒಂದು ಫೋಟೋ ಬಂದಿತ್ತು. ಪುಣೆಯ ಡಾ. ಚಿತ್ತರಂಜನ್ ಯಾಜ್ಞಿಕ್ ಮತ್ತು ಇಂಗ್ಲೆಂಡಿನ ಡಾ. ಜಾನ್ ಯುಡ್ಕಿನ್ ಅಕ್ಕಪಕ್ಕ ನಿಂತಿದ್ದಾರೆ. ಎತ್ತರಕ್ಕೆ ತೂಕವನ್ನು ಹೋಲಿಸುವ ಬಿ.ಎಂ.ಐ. ಲೆಕ್ಕ ಇಬ್ಬರದೂ ಒಂದೇ, 22.3. ಆದರೆ ದೇಹದಲ್ಲಿನ ಕೊಬ್ಬು ಅಳೆದಾಗ ಯುಡ್ಕಿನ್ ಅವರಲ್ಲಿ ನೂರಕ್ಕೆ 9.1, ಯಾಜ್ಞಿಕ್ ಅವರಲ್ಲಿ 21.2. ತಕ್ಕಡಿ ಎಷ್ಟು ಕಡಿಮೆ ಹೇಳುತ್ತದೆ ನೋಡಿ. ನಮ್ಮ ಕಡೆಯವರಲ್ಲಿ ಸ್ನಾಯು ಕಡಿಮೆ, ಕೊಬ್ಬು ಹೆಚ್ಚು, ಅದೂ ಹೊಟ್ಟೆಯ ಒಳಗೆ. ಆದ್ದರಿಂದಲೇ ನಮಗೆ ಬಿ.ಎಂ.ಐ. 23 ದಾಟಿದರೆ ತೂಕ ಹೆಚ್ಚು, 25 ದಾಟಿದರೆ ಬೊಜ್ಜು ಎಂದು ಎಣಿಸುತ್ತಾರೆ. (ಇದು ದೊಡ್ಡವರ ಲೆಕ್ಕ. ಮಕ್ಕಳಿಗೆ ವಯಸ್ಸಿಗೆ ತಕ್ಕ ಬೇರೆ ಪಟ್ಟಿಯಿದೆ, ಅದನ್ನು ಡಾಕ್ಟರೇ ನೋಡಬೇಕು.) ಸೊಂಟದ ಸುತ್ತಳತೆ ಗಂಡಸರಿಗೆ 90 ಸೆಂಟಿಮೀಟರ್, ಹೆಂಗಸರಿಗೆ 80 ದಾಟಬಾರದು. ನಮ್ಮ ಮನೆಯಾಕೆ ಹೊಲಿಗೆ ಟೇಪು ತಂದು ನನ್ನನ್ನು ಅಳೆದಳು. 94. ಅಂಗಿಯನ್ನು ಪ್ಯಾಂಟಿನ ಹೊರಗೆ ಬಿಡುವ ಅಭ್ಯಾಸ ನನಗೆ ಯಾಕೆ ಬಂತು ಎಂದು ಅಂದೇ ಮನೆಮಂದಿಗೆಲ್ಲ ತಿಳಿಯಿತು.

ಹೊಟ್ಟೆಯ ಬೊಜ್ಜಿಗೂ ಲಿವರ್‌ಗೂ ಏನು ಸಂಬಂಧ? ಕೊಬ್ಬು ಇಡಲು ದೇಹ ಬೇರೆ ಕಣಜವನ್ನೇ ಕಟ್ಟಿಕೊಂಡಿದೆ: ಚರ್ಮದ ಕೆಳಗಿನ ಕೊಬ್ಬಿನ ಜೀವಕೋಶಗಳು. ಊಟವಾದಾಗ ಇನ್ಸುಲಿನ್ ಎಂಬ ಹಾರ್ಮೋನು ಬಂದು 'ಬಾಗಿಲು ಹಾಕಿಕೊಳ್ಳಿ, ಕೊಬ್ಬು ಹೊರಗೆ ಬಿಡಬೇಡಿ' ಎನ್ನುತ್ತದೆ. ಕಣಜ ತುಂಬಿ ತುಳುಕಿದಾಗ ಆ ಜೀವಕೋಶಗಳು ಊದಿ, ಸುತ್ತ ಉರಿಯೂತವೆದ್ದು, ಇನ್ಸುಲಿನ್ ಮಾತು ಕೇಳುವುದನ್ನು ಬಿಡುತ್ತವೆ. ಹಗಲು ರಾತ್ರಿ ಕೊಬ್ಬು ಸೋರತೊಡಗುತ್ತದೆ. ಹೊಟ್ಟೆಯೊಳಗಿನ ಕೊಬ್ಬಿನದು ಇನ್ನೂ ಹತ್ತಿರದ ದಾರಿ, ಅಲ್ಲಿಂದ ಹೊರಟ ರಕ್ತದ ಬಹುಭಾಗ ನೆಟ್ಟಗೆ ಲಿವರ್‌ಗೇ ಹೋಗುತ್ತದೆ.

2005ರಲ್ಲಿ ಅಮೆರಿಕದ ಮಿನೆಸೋಟಾದ ಸಂಶೋಧಕರು ಜಾಣ ಉಪಾಯವೊಂದನ್ನು ಮಾಡಿದರು. ಫ್ಯಾಟಿ ಲಿವರ್ ಇದ್ದ 9 ಮಂದಿಗೆ ನಾಲ್ಕು ದಿನ ಗುರುತು ಹಾಕಿದ ಅಣುಗಳನ್ನು ಕೊಟ್ಟು, ಆಮೇಲೆ ಲಿವರ್‌ನ ಚೂರು ತೆಗೆದು ಯಾವ ಕೊಬ್ಬು ಎಲ್ಲಿಂದ ಬಂತೆಂದು ನೋಡಿದರು. ನೂರರಲ್ಲಿ 59 ಪಾಲು ರಕ್ತದಲ್ಲಿ ತೇಲಿಬಂದದ್ದು, ಅಂದರೆ ಹೆಚ್ಚಿನದು ಸೋರುವ ಕಣಜದ್ದು. 26 ಪಾಲು ಸಕ್ಕರೆ, ಪಿಷ್ಟಗಳಿಂದ ಲಿವರ್ ತಾನೇ ತಯಾರಿಸಿದ್ದು. ನೇರವಾಗಿ ಊಟದ ಎಣ್ಣೆ ತುಪ್ಪದಿಂದ ಬಂದದ್ದು 15 ಪಾಲು ಮಾತ್ರ. 'ನಾನು ತುಪ್ಪ ಬಿಟ್ಟಿದ್ದೇನೆ' ಎಂದು ಹೇಳುತ್ತ ಚಹಾಕ್ಕೆ ಮೂರು ಚಮಚ ಸಕ್ಕರೆ ಹಾಕಿಕೊಳ್ಳುವ ನನ್ನಂಥ ಅಜ್ಜಂದಿರು ಈ ಲೆಕ್ಕವನ್ನು ಎರಡು ಸಲ ಓದಬೇಕು.

ಇನ್ನೊಂದು ವಿಚಿತ್ರವಿದೆ. ಕಣಜ ಮಾತು ಕೇಳದಾದಾಗ ದೇಹ ಇನ್ನೂ ಹೆಚ್ಚು ಇನ್ಸುಲಿನ್ ಸುರಿಸುತ್ತದೆ. ಲಿವರ್ ಆಗ ಅರ್ಧ ಮಾತು ಮಾತ್ರ ಕೇಳುತ್ತದೆ. 'ಸಕ್ಕರೆ ಬಿಡಬೇಡ' ಎಂಬ ಆಜ್ಞೆ ಅದಕ್ಕೆ ಕೇಳಿಸುವುದಿಲ್ಲ, 'ಕೊಬ್ಬು ತಯಾರಿಸು' ಎಂಬುದು ಚೆನ್ನಾಗಿ ಕೇಳಿಸುತ್ತದೆ. ಹೀಗಾಗಿ ರಕ್ತದಲ್ಲಿ ಸಕ್ಕರೆಯೂ ಏರುತ್ತದೆ, ಲಿವರ್‌ನಲ್ಲಿ ಕೊಬ್ಬೂ ಏರುತ್ತದೆ. ಸಕ್ಕರೆ ಕಾಯಿಲೆ ಮತ್ತು ಫ್ಯಾಟಿ ಲಿವರ್ ಅಕ್ಕತಂಗಿಯರಂತೆ ಒಟ್ಟಿಗೆ ಓಡಾಡುವುದಕ್ಕೆ ಇದೂ ಒಂದು ಕಾರಣ.

ಈಗ ಆ ಕಿತ್ತಳೆ ಬಣ್ಣದ್ದಕ್ಕೆ ಬರುತ್ತೇನೆ. ಶಾಲೆಯಿಂದ ಮೊಮ್ಮಗನನ್ನು ಕರೆತರುವುದು ನಿವೃತ್ತಿಯ ನಂತರ ನನಗೆ ಸಿಕ್ಕ ನೌಕರಿ. ದಾರಿಯಲ್ಲಿ ಅಂಗಡಿ. ಅವನ ಮುಖ ಬಾಡಿದ್ದರೆ ಒಂದು ಬಾಟಲಿ, ಅರಳಿದ್ದರೂ ಒಂದು ಬಾಟಲಿ. ಅವನಮ್ಮ ಬೇಡವೆಂದರೆ, 'ಮಗು ತಿನ್ನದೆ ಮತ್ತೆ ಯಾರು ತಿನ್ನಬೇಕು' ಎಂದು ನಾನೇ ಬಾಯಿ ಮುಚ್ಚಿಸುತ್ತಿದ್ದೆ. ವರದಿ ಬಂದ ಮೇಲೆ ಬಾಟಲಿಯ ಹಿಂದಿನ ಸಣ್ಣಕ್ಷರ ಓದಿದೆ. 250 ಮಿಲಿಲೀಟರಿನಲ್ಲಿ ಸುಮಾರು 30 ಗ್ರಾಂ ಸಕ್ಕರೆ, ಅಂದರೆ ಆರು ಚಮಚ. ವಾರಕ್ಕೆ ಆರು ದಿನ, ವರ್ಷಕ್ಕೆ ನಲವತ್ತು ವಾರ. ಮಕ್ಕಳೇ, ಗುಣಿಸಿ ನೋಡಿ. 7 ಕಿಲೋ ದಾಟುತ್ತದೆ. ಸೊಸೆ ಒಂದು ಮಾತೂ ಆಡಲಿಲ್ಲ. ಆಡಿದ್ದರೆ ಹಗುರವಾಗುತ್ತಿತ್ತು.

ಆ ಸಕ್ಕರೆಯಲ್ಲಿ ಅರ್ಧ ಗ್ಲೂಕೋಸ್, ಅರ್ಧ ಫ್ರಕ್ಟೋಸ್. ಗ್ಲೂಕೋಸನ್ನು ಮೈಯೆಲ್ಲ ಹಂಚಿಕೊಳ್ಳುತ್ತದೆ. ಫ್ರಕ್ಟೋಸ್ ಗಟಗಟನೆ ಬಂದರೆ ಬಹುಪಾಲು ಲಿವರ್‌ನ ತಲೆಗೇ ಕಟ್ಟು. ಗ್ಲೂಕೋಸ್ ಒಡೆಯುವ ದಾರಿಯಲ್ಲಿ 'ಇನ್ನು ಸಾಕು' ಎಂದು ತಡೆಯುವ ಗೇಟು ಒಂದಿದೆ, ಫ್ರಕ್ಟೋಸ್ ಆ ಗೇಟನ್ನು ಬಳಸದೆ ಪಕ್ಕದಿಂದ ನುಗ್ಗಿ ಕೊಬ್ಬಿನ ಕಾರ್ಖಾನೆ ಸೇರುತ್ತದೆ. ಹಾಗಾದರೆ ಹಣ್ಣು? ಹಣ್ಣಿನಲ್ಲೂ ಫ್ರಕ್ಟೋಸ್ ಇದೆ, ಆದರೆ ನಾರಿನ ಜೊತೆ ನಿಧಾನವಾಗಿ ಬರುತ್ತದೆ. ಒಂದೇ ಉಸಿರಿಗೆ ಮೂರು ಕಿತ್ತಳೆ ತಿಂದವರನ್ನು ನಾನು ಕಂಡಿಲ್ಲ. ಹಣ್ಣು ತಿನ್ನಿ, ಹಿಂಡಿ ಕುಡಿಯಬೇಡಿ.

ಸ್ಯಾನ್ ಫ್ರಾನ್ಸಿಸ್ಕೊದ ಸಂಶೋಧಕರು 2017ರಲ್ಲಿ ಪ್ರಕಟಿಸಿದ ಅಧ್ಯಯನ ನನಗೆ ಧೈರ್ಯ ಕೊಟ್ಟಿತು. ಬೊಜ್ಜಿದ್ದ ಸುಮಾರು 40 ಮಕ್ಕಳಿಗೆ ಒಂಬತ್ತು ದಿನ ಸೇರಿಸಿದ ಸಕ್ಕರೆಯನ್ನು ತೀರಾ ಕಡಿಮೆ ಮಾಡಿ, ಅಷ್ಟೇ ಕ್ಯಾಲೊರಿಯ ಪಿಷ್ಟ ಕೊಟ್ಟರು. ಉಪವಾಸವಿಲ್ಲ, ಹಸಿವಿಲ್ಲ. ಲಿವರ್‌ನ ಕೊಬ್ಬು ನೂರಕ್ಕೆ 7.2 ಇದ್ದದ್ದು 3.8ಕ್ಕೆ ಇಳಿಯಿತು. ಬರೀ ಒಂಬತ್ತು ದಿನದಲ್ಲಿ!

ಇಳಿಸದೆ ಬಿಟ್ಟರೆ ಏನಾಗುತ್ತದೆ? ಬಹಳ ಜನರಲ್ಲಿ ಏನೂ ಆಗದೆ ಹಾಗೇ ಉಳಿಯುತ್ತದೆ. ಕೆಲವರಲ್ಲಿ ಆ ಕೊಬ್ಬು ಜೀವಕೋಶಗಳನ್ನು ಕೆಣಕಿ ಉರಿಯೂತವಾಗುತ್ತದೆ, ಗಾಯ ಮಾಯುವಾಗ ನಾರಿನ ಕಲೆ ಬೀಳುತ್ತದೆ, ಕಲೆಯ ಮೇಲೆ ಕಲೆ ಬಿದ್ದು ಹತ್ತಿಪ್ಪತ್ತು ವರ್ಷಗಳಲ್ಲಿ ಲಿವರ್ ಗಟ್ಟಿಯಾಗಿ ಗಂಟುಗಂಟಾಗಬಹುದು. ಅದೇ ಸಿರೋಸಿಸ್. ಇಷ್ಟೆಲ್ಲ ನಡೆದರೂ ನೋವಿಲ್ಲ, ಲಿವರ್‌ನ ಒಳಗೆ ನೋವು ಹೇಳುವ ನರಗಳೇ ಇಲ್ಲ. ಗಟ್ಟಿಯಾಗಿದೆಯೇ ಎಂದು ನೋಡಲು ಫೈಬ್ರೋಸ್ಕ್ಯಾನ್ ಎಂಬ ಯಂತ್ರವಿದೆ. ಪಕ್ಕೆಗೆ ಮೆಲ್ಲಗೆ ತಟ್ಟಿ, ಆ ಅಲೆ ಎಷ್ಟು ವೇಗವಾಗಿ ಸಾಗುತ್ತದೆ ಎಂದು ಅಳೆಯುತ್ತದೆ. ಗಟ್ಟಿಯಿದ್ದಷ್ಟೂ ಅಲೆ ಬೇಗ. ಅಜ್ಜಿ ಕಲ್ಲಂಗಡಿ ತಟ್ಟಿ ನೋಡುತ್ತಾಳಲ್ಲ, ಆ ವಿದ್ಯೆಯೇ. ನಮ್ಮಿಬ್ಬರದೂ ಸದ್ಯ ಮೆತ್ತಗಿದೆ.

ಡಾಕ್ಟರು ಹುಡುಗನಿಗೆ ಕಟ್ಟುನಿಟ್ಟಾಗಿ ಹೇಳಿದ್ದು ಉಪವಾಸ ಬೇಡವೆಂದು. ಬೆಳೆಯುವ ಮಕ್ಕಳು ತೂಕ ಇಳಿಸಲೇಬೇಕೆಂದಿಲ್ಲ. ಎಷ್ಟೋ ಸಲ ತೂಕ ಏರದಂತೆ ನೋಡಿಕೊಂಡರೆ ಸಾಕು, ಎತ್ತರ ಬೆಳೆದು ಲೆಕ್ಕ ಸರಿಯಾಗುತ್ತದೆ. ಸ್ಥೂಲಕಾಯದ ದೊಡ್ಡವರು ತೂಕದಲ್ಲಿ ನೂರಕ್ಕೆ 5 ಇಳಿಸಿದರೆ ಕೊಬ್ಬು ಕರಗುತ್ತದೆ, 7ರಿಂದ 10 ಇಳಿಸಿದರೆ ಉರಿಯೂತವೂ ತಗ್ಗುತ್ತದೆ. ನನ್ನಂಥ ಕಡ್ಡಿಗೆ ಎರಡು ಮೂರು ಕಿಲೋ ಸಾಕಂತೆ. ನಡಿಗೆಯ ಲಾಭ ಬೇರೆಯೇ ಇದೆ: ದುಡಿಯುವ ಸ್ನಾಯು ಇನ್ಸುಲಿನ್‌ಗೆ ಕಾಯದೆ ಸಕ್ಕರೆ ಎಳೆದುಕೊಳ್ಳುತ್ತದೆ, ತೂಕ ಇಳಿಯದಿದ್ದರೂ ಲಿವರ್‌ನ ಕೊಬ್ಬು ಇಳಿಯುತ್ತದೆ. ಕಾಫಿ ಕುಡಿಯುವವರ ಲಿವರ್‌ನಲ್ಲಿ ಕಲೆ ಕಡಿಮೆ ಎಂದು ಹಲವು ಅಧ್ಯಯನಗಳಲ್ಲಿ ಕಂಡಿದೆ ಎಂದಾಗ ನಮ್ಮ ಮನೆಯಾಕೆಯ ಮುಖ ಅರಳಿತು, ಸಕ್ಕರೆ ಇಲ್ಲದೆ ಎಂದಾಗ ಮತ್ತೆ ಮುದುಡಿತು. ಒಬ್ಬ ಹಿತೈಷಿ ದಿನಾ ಅಮೃತಬಳ್ಳಿ ಕಷಾಯ ಕುಡಿಯಲು ಹೇಳಿದರು. ಅದನ್ನು ಕುಡಿದೇ ಲಿವರ್‌ಗೆ ಪೆಟ್ಟು ಬಿದ್ದ ಪ್ರಕರಣಗಳನ್ನು ಮುಂಬಯಿಯ ವೈದ್ಯರು 2021ರಲ್ಲಿ ವರದಿ ಮಾಡಿದ್ದಾರೆ, ಆದ್ದರಿಂದ ನಾನು ಕೈಮುಗಿದೆ.

ಶಾಲೆಯಿಂದ ಈಗ ನಾವು ನಡೆದೇ ಬರುತ್ತೇವೆ. ಅಂಗಡಿ ಅದೇ ದಾರಿಯಲ್ಲಿದೆ, ಮೊದಲ ತಿಂಗಳು ಕಷ್ಟವಾಯಿತು. ಅವನಿಗಿಂತ ನನಗೆ ಹೆಚ್ಚು, ಕೊಡಿಸುವ ಸುಖ ಬಿಡುವುದು ಸುಲಭವಲ್ಲ. ಈಗ ಚೀಲದಲ್ಲಿ ಮಜ್ಜಿಗೆ, ಹುರಿದ ಶೇಂಗಾ ಇರುತ್ತವೆ. ಹತ್ತು ತಿಂಗಳಲ್ಲಿ ಅವನ ತೂಕ ಏರಿಲ್ಲ, ಎತ್ತರ ನಾಲ್ಕು ಸೆಂಟಿಮೀಟರ್ ಏರಿದೆ. ನನ್ನ ಸೊಂಟ 91ಕ್ಕೆ ಬಂದಿದೆ. ಮತ್ತೆ ಸ್ಕ್ಯಾನ್ ಬರುವ ತಿಂಗಳು.

ಮೊನ್ನೆ ಭಾನುವಾರ ಇಬ್ಬರೂ ಬಸ್ಸು ಹಿಡಿದು ಶಿರಹಟ್ಟಿ ತಾಲ್ಲೂಕಿನ ಮಾಗಡಿ ಕೆರೆಗೆ ಹೋಗಿದ್ದೆವು. ಹಿಮಾಲಯದ ಆಚೆಯಿಂದ ಚಳಿಗಾಲ ಕಳೆಯಲು ಪಟ್ಟೆತಲೆ ಹೆಬ್ಬಾತುಗಳು ಅಲ್ಲಿಗೆ ಬರುತ್ತವೆ. ಸುತ್ತಲಿನ ಹೊಲಗಳಲ್ಲಿ ಮೇಯ್ದು ಕೆರೆಗೆ ಮರಳುತ್ತಿದ್ದವು. ಹುಡುಗ ಎಣಿಸಲು ಹೊರಟು 300ಕ್ಕೆ ಸುಸ್ತಾದ. "ಇವು ತಿರುಗಿ ಹೋಗೂ ಮುಂದ ಬುತ್ತಿ ಕಟ್ಟತಾವೇನು?" ಎಂದ. ಕಟ್ಟುತ್ತವೆ ಎಂದೆ. ಏರಿಯ ಮೇಲೆ ಅವನು ಮುಂದೆ ಮುಂದೆ ನಡೆದ, ನಾನು ಹಿಂದೆ ಬಿದ್ದೆ.

ವಾಪಸು ಬರುವಾಗ ಬಸ್ ಸ್ಟ್ಯಾಂಡಿನಲ್ಲಿ ಮಿರ್ಚಿ ಭಜಿ ಕರಿಯುತ್ತಿದ್ದರು. ಗದಗಿನವನು ಅದನ್ನು ದಾಟಿ ಬರುವುದು ಹೇಗೆ? ಒಂದೊಂದು ತೆಗೆದುಕೊಂಡೆವು. ಅವನು ಮೂತ್ರಿಗೆ ಹೋದಾಗ ನಾನು ಇನ್ನೊಂದು ತಿಂದೆ. ಬಸ್ಸು ಹತ್ತಿ ಕುಳಿತ ಮೇಲೆ ಕಿಟಕಿಯ ಹೊರಗೆ ನೋಡುತ್ತಲೇ ಹೇಳಿದ: "ಅಜ್ಜಾ, ನಿಮ್ಮ ಮೀಸಿ ಮ್ಯಾಲೆ ಹಿಟ್ಟು ಹತ್ತೇತಿ."